ಗಿರಿಜಾಂಬನವರ ಸೆಟ್ಟಿಂಗು

ಮನೆ ಕೆಡವುವ ಮುಂಚೆ ಒಡವೆಯನ್ನೆಲ್ಲ ಜೋಪಾನವಾಗಿ ಗಂಟು ಕಟ್ಟಿ, ಅದೇ ಮನೆಯ ಅಟ್ಟದ ಮೇಲೆ ಇಟ್ಟರೆ ಏನಾಗುತ್ತದೋ, ಭೀಮನ ಅಮಾವಾಸ್ಯೆಯ ಬೆಳಿಗ್ಗೆ ಉದಯಶಂಕರನಿಗೆ ಅದೇ ಆಯಿತು.

ಅವನು ರಾಮನಗರದ ರೈಲ್ವೆ ಸ್ಟೇಷನ್ ಹತ್ತಿರ, ಟೈರ್ ಅಂಗಡಿಯ ಮಹಡಿ ಮೇಲಿದ್ದ ಎರಡು ಕೋಣೆಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದ. ಕಂಪನಿಯ ಮಾಲೀಕ ನಟರಾಜು. ಕಂಪನಿಯವರು ಮಾಡಿದ್ದು ಒಂದೇ ಒಂದು ವೆಬ್ ಅಪ್ಲಿಕೇಷನ್, ಅದು ವಧು-ವರ ಕೇಂದ್ರಗಳಿಗೆ. ಗಂಡು ಹೆಣ್ಣಿನ ವಿವರ ಹಾಕಿದರೆ ಅದು ಜಾತಕ ಕೂಡಿಸಿ ಎರಡೂ ಮನೆಗೆ ಮೆಸೇಜು ಕಳಿಸುತ್ತಿತ್ತು. ಅದರ ಹೊಸ ಆವೃತ್ತಿ ಹಾಕುವುದಕ್ಕೆ ದಿನ ಗೊತ್ತು ಮಾಡಿದವನೂ ನಟರಾಜುವೇ. ಆಷಾಢದಲ್ಲಿ ಯಾರೂ ಸಂಬಂಧ ಮಾತಾಡುವುದಿಲ್ಲ, ಏನು ಕೆಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವನ ಲೆಕ್ಕ. ಇವತ್ತು ನಾಳೆ ಎನ್ನುತ್ತ ಆಷಾಢದ ಕೊನೆಯ ದಿನವೇ ಬಂದುಬಿಟ್ಟಿತ್ತು.

ಗಿರಾಕಿಗಳಲ್ಲಿ ಕನಕಪುರದ ಗಿರಿಜಾಂಬನವರು ದೊಡ್ಡವರು. ಜಾತಕ ಕೂಡಿಸುವುದು ಸಾಫ್ಟ್‌ವೇರಿನ ಕೆಲಸವಾದರೆ, ಜಾತಕ ಕೂಡಿದರೂ ಕೂಡಿಸಬಾರದ್ದನ್ನು ತಡೆಯುವುದು ಗಿರಿಜಾಂಬನವರ ಸೆಟ್ಟಿಂಗಿನ ಕೆಲಸ. ಯಾರ ಮನೆಗೂ ಯಾರ ಮನೆಗೂ ಮಾತಿಲ್ಲ, ಯಾವ ಹುಡುಗನಿಗೆ ಯಾವ ಊರಿನ ಹೆಣ್ಣು ತೋರಿಸಬಾರದು, ರಾಹುಕಾಲದಲ್ಲಿ ಮೆಸೇಜು ಹೋಗಬಾರದು, ಹೋದರೆ ಯಾವ ಮಾತಿನಲ್ಲಿ ಹೋಗಬೇಕು, ಹೀಗೆ ಒಂದೊಂದನ್ನೂ ಅವರು ತಾವೇ ಕೂತು ಒತ್ತಿ ಒತ್ತಿ ಇಟ್ಟುಕೊಂಡಿದ್ದರು. ಎರಡು ವರ್ಷದ ಹಿಂದೆ ಹೊಸ ಆವೃತ್ತಿ ಹಾಕಿದಾಗ ಆ ಸೆಟ್ಟಿಂಗೆಲ್ಲ ಅಳಿಸಿಹೋಗಿತ್ತು. ಗಿರಿಜಾಂಬ ಟಿಫಿನ್ ಕ್ಯಾರಿಯರ್ ಸಮೇತ ರಾಮನಗರಕ್ಕೆ ಬಂದು, ಆಫೀಸಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, ಎಲ್ಲವನ್ನೂ ಮತ್ತೆ ಹೇಳಿ ಬರೆಸಿ, ನಡುನಡುವೆ ನಟರಾಜುವಿನ ವಂಶವನ್ನೂ ವಿಚಾರಿಸಿಕೊಂಡಿದ್ದರು. ಅವತ್ತೇ ಉದಯಶಂಕರ ಪಣ ತೊಟ್ಟ. ಆಕಾಶ ಕಳಚಿ ಬಿದ್ದರೂ ಸರಿ, ಗಿರಾಕಿಯ ಸೆಟ್ಟಿಂಗಿನ ಒಂದು ಚುಕ್ಕಿಯೂ ಇನ್ನು ಅಲುಗಬಾರದು.

ಅದಕ್ಕೇ ಈ ಸಲ ಹೊಸ ಆವೃತ್ತಿ ಹಾಕುವ ಮುಂಚೆ ಗಿರಿಜಾಂಬನವರ ಸೆಟ್ಟಿಂಗಿನ ಫೈಲನ್ನು ನಕಲು ಮಾಡಿ, 'ಭದ್ರ' ಎಂದು ಹೆಸರು ಕೊಟ್ಟು ಎತ್ತಿಟ್ಟಿದ್ದ. ಎತ್ತಿಟ್ಟಿದ್ದು ಅಪ್ಲಿಕೇಷನ್ ಇದ್ದ ಫೋಲ್ಡರಿನ ಒಳಗೇ. ಹೊಸ ಆವೃತ್ತಿ ಬಂದ ಕೂಡಲೇ ಅದು ಮಾಡಿದ ಮೊದಲ ಕೆಲಸವೆಂದರೆ ಹಳೆಯ ಫೋಲ್ಡರನ್ನು ಹಬ್ಬದ ದಿನದ ಅಂಗಳದ ಹಾಗೆ ಗುಡಿಸಿ ಸಾರಿಸಿದ್ದು. ಸರ್ವರಿನವರು ಇಡುವ ಇನ್ನೊಂದು ನಕಲು ಇರುತ್ತಿತ್ತೇನೋ, ನಟರಾಜು ಅದು ದಂಡ ಎಂದು ಹೋದ ಯುಗಾದಿಗೇ ನಿಲ್ಲಿಸಿದ್ದ.

ಉದಯಶಂಕರ ನಟರಾಜುವಿಗೆ ಫೋನ್ ಮಾಡಿದ.

"ಸಾರ್, ಗಿರಿಜಾಂಬ ಅವ್ರ ಸೆಟ್ಟಿಂಗು ಹೋಯ್ತು."

"ಎಲ್ಲಿಗೋಯ್ತು?"

"ಅಳ್ಸಿ ಹೋಯ್ತು ಸಾರ್. ನೀವು ಒಸಿ ಬರ್ಬೇಕು."

ಆ ಕಡೆ ಗಂಟೆಯ ಸದ್ದು ಕೇಳಿಸಿತು. "ಎದ್ದು ಬರಂಗಿಲ್ಲ ಕಣಯ್ಯ. ಚನ್ನಪಟ್ಣದಲ್ಲಿ ಮಾವನ ಮನೇಲಿ ಕುಂತಿದೀನಿ. ಎರಡು ಕಾಲೂ ತಟ್ಟೇಲವೆ. ನಮ್ಮನೆಯವ್ಳು ಪಾದಪೂಜೆ ಮಾಡ್ತಾವ್ಳೆ, ಅಲ್ಲಾಡುದ್ರೆ ಮೊದ್ಲಿಂದ ಶುರು ಮಾಡ್ತಾಳೆ."

"ನಾನೇನ್ ಮಾಡ್ಲಿ ಸಾರ್?"

"ಏನಾರ ಮಾಡು. ಆಯಮ್ಮ ಇನ್ನೊಂದ್ಸಲ ಬಂದು ಕುಂತ್ಕಂಡ್ರೆ, ನಾನೂ ನೀನೂ ಕೆಳಗಿಳ್ದು ಪಂಚರ್ ಹಾಕ್ಬೇಕಾಯ್ತದೆ," ಎಂದು ನಟರಾಜು ಹೇಳಿ, ಮಂಗಳಾರತಿಗೆ ಫೋನ್ ಇಟ್ಟ.

ಅಷ್ಟರಲ್ಲಿ ಇನ್ನೊಂದು ಫೋನ್ ಬಂತು. ಹೊಸ ಆವೃತ್ತಿಗೆ ತಡೆ ಯಾವುದು, ಹೊತ್ತು ಯಾವುದು ಎಂದು ಹೇಳುವವರಿಲ್ಲದ ಕಾರಣ, ಅದು ತಾನಾಗೇ ಕೂಡಿದ ಜಾತಕಗಳನ್ನೆಲ್ಲ ಹುಡುಕಿ ಮೆಸೇಜು ಕಳಿಸಲು ಶುರು ಮಾಡಿತ್ತು. ಸಹಾಯಕ್ಕೆ ಎಂದು ಕೆಳಗೆ ಕಂಪನಿಯ ನಂಬರನ್ನೂ ಹಾಕಿತ್ತು.

"ನಾನು ಮಾಗಡಿಯಿಂದ ರಾಧಾಮಣಿ ಅಂತ, ಟೀಚರು. ಮನೋಹರ್ ಅನ್ನೋರ ಜೊತೆ ಮೂವತ್ತಾರಕ್ಕೆ ಮೂವತ್ಮೂರು ಗುಣ ಕೂಡುತ್ತೆ ಅಂತ ಮೆಸೇಜ್ ಬಂದಿದೆ."

"ಒಳ್ಳೇದಲ್ವಾ ಮೇಡಂ?" ಎಂದ ಉದಯಶಂಕರ.

"ಅವ್ರನ್ನ ಹೋದ್ವರ್ಷ ಕೋರ್ಟಲ್ಲಿ ಬಿಟ್ಟು ಬಂದಿದೀನಿ."

ಉದಯಶಂಕರ ಪರದೆಯ ಮೇಲೆ ಆ ಹೆಸರು ಹುಡುಕತೊಡಗಿದ.

"ಆಗ್ಲೂ ಮೂವತ್ಮೂರೇ ಕೂಡಿದ್ದು," ಎಂದು ಹೇಳಿ ರಾಧಾಮಣಿ ಫೋನ್ ಇಟ್ಟರು.

ಅವರ ಹಿಂದೆಯೇ ಮರಿಯಪ್ಪ ಎಂಬ ರೈತರೊಬ್ಬರ ಸರದಿ. "ಅಲ್ಲ ಕಣಪ್ಪ, ನನ್ನ ಬೋರ್‌ವೆಲ್ ಪೈಪ್ ಕುಯ್ದವನ ಮಗಳ್ನೇ ನನ್ನ ಮಗನಿಗೆ ಕಳ್ಸಿದೀರಲ್ಲ. ಪೈಪನ್ನ ವರದಕ್ಷಿಣೆ ಜೊತೆ ಕೊಡ್ತಾನಂತಾ?"

ಉದಯಶಂಕರ ಮೊದಲು ಮೆಸೇಜು ಹೋಗುವುದನ್ನು ನಿಲ್ಲಿಸಿದ. ಹೋದದ್ದು ಹೋಗಿತ್ತು. ಆದರೆ ನಾಳೆ ಶ್ರಾವಣ ಹುಟ್ಟುತ್ತದೆ, ಬೆಳಗಾಗುತ್ತಲೇ ಎಲ್ಲ ಮನೆಯವರೂ ಸಂಬಂಧ ಎಂದು ಫೋನ್ ಹಿಡಿದು ಕೂರುತ್ತಾರೆ. ಅಷ್ಟರೊಳಗೆ ಆ ಸೆಟ್ಟಿಂಗು ವಾಪಸ್ಸು ಬರಲೇಬೇಕು. ಬೈಗುಳ ತಿನ್ನಲು ಮೈ ಗಟ್ಟಿ ಮಾಡಿಕೊಂಡು ಗಿರಿಜಾಂಬನವರಿಗೆ ಫೋನ್ ಮಾಡಿ ನಿಜ ಹೇಳಿದ.

"ಏನೂ ಹೋಗಿಲ್ಲ ಕಣ್ ಮಗ," ಎಂದರು ಗಿರಿಜಾಂಬ. "ಬೆಳಿಗ್ಗೆ ಎದ್ದೋಳೇ ಸೆಟ್ಟಿಂಗ್ ಪುಟ ತೆಗ್ದಿದ್ದೆ. ಪೂಜೆ ಅಂತ ಹಂಗೇ ಬುಟ್ಟು ಎದ್ದೆ. ಎಲ್ಲಾ ಇಲ್ಲೇ ಕಾಣ್ತಾ ಐತೆ."

ಉದಯಶಂಕರ ಕುರ್ಚಿಯಿಂದ ಎದ್ದುಬಿಟ್ಟ. ಹೊಸ ಆವೃತ್ತಿ ಹಾಕುವುದಕ್ಕೂ ಮುಂಚೆ ತೆರೆದ ಪುಟ ಅದು. ಸರ್ವರಿನಲ್ಲಿ ಏನೂ ಉಳಿಯದಿದ್ದರೂ ಗಿರಿಜಾಂಬನವರ ಪರದೆಯ ಮೇಲೆ ಹಳೆಯ ಸೆಟ್ಟಿಂಗು ಹಾಗೇ ನಿಂತಿತ್ತು. ಅದನ್ನು ಅಲ್ಲಿಂದಲೇ 'ಸೇವ್' ಒತ್ತಿದರೆ ಎಲ್ಲವೂ ಬಂದ ದಾರಿಯಲ್ಲೇ ಒಳಗೆ ಹೋಗುತ್ತದೆ. ಅದರ ಬದಲು ಬೇರೆ ಏನನ್ನಾದರೂ ಒತ್ತಿ ಪುಟ ಹೊಸದಾಗಿ ತೆರೆದುಕೊಂಡರೆ, ಕಡೆಯ ಗುರುತೂ ಮಾಯ.

"ಅಮ್ಮ, ಕೈ ಮುಗಿತೀನಿ, ಏನೂ ಒತ್ಬೇಡಿ. ನಾನೇ ಬತ್ತೀನಿ."

"ನಾನೇ ಎಂಟರ್ ಒತ್ಲಾ?"

ಗಿರಿಜಾಂಬನವರ ಲೆಕ್ಕದಲ್ಲಿ ಕೀಬೋರ್ಡಿನ ಮೇಲಿದ್ದ ಎಲ್ಲ ಬಟನ್ನೂ ಎಂಟರೇ. "ಬ್ಯಾಡ," ಎಂದವನೇ ಉದಯಶಂಕರ ಹಳೆಯ ಪುಟದಿಂದ ಬಂದದ್ದನ್ನು ಹೊಸ ಆವೃತ್ತಿ ಒಪ್ಪಿಕೊಳ್ಳುವಂತೆ, ಒಪ್ಪಿದ ಕೂಡಲೇ ನಿಂತ ಮೆಸೇಜು ಮತ್ತೆ ಹೊರಡುವಂತೆ ಸರ್ವರಿನಲ್ಲಿ ಸರಿಮಾಡಿ, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಕನಕಪುರದ ಬಸ್ಸು ಹಿಡಿದ.

ಬಸ್ಸಿನಲ್ಲಿ ಹಬ್ಬದ ಜನ. ಉದಯಶಂಕರನಿಗೆ ಕೂರಲು ಜಾಗ ಸಿಗಲಿಲ್ಲ, ಸುಮ್ಮನಿರಲು ಫೋನೂ ಬಿಡಲಿಲ್ಲ. ಗಿರಿಜಾಂಬನವರ ಪಕ್ಕದ ಜೆರಾಕ್ಸ್ ಅಂಗಡಿಯ ಪ್ರಕಾಶ್ ತನಗೂ ಕಂಪ್ಯೂಟರ್ ಬರುತ್ತದೆಂದು ಒಳಗೆ ನುಗ್ಗಿದ್ದ.

"ಅವ್ನ ಹತ್ರಕ್ಕೆ ಬಿಡ್ಬೇಡಿ," ಎಂದು ಉದಯಶಂಕರ ಬಸ್ಸಿನ ಸದ್ದಿಗಿಂತ ಜೋರಾಗಿ ಹೇಳಿದ. "ಯಾರೂ ಮುಟ್ಟಂಗಿಲ್ಲ. ಎಲ್ಲೈತೋ ಅಲ್ಲೇ ಇರ್ಲಿ."

ಕೆಳಗೆ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಮಾರಮ್ಮ ಎಂಬ ಹೆಂಗಸು ತಲೆ ಎತ್ತಿದಳು. "ಹಾವಾ ಮಗ?"

ಉದಯಶಂಕರನಿಗೆ ಕೇಳಿಸಲಿಲ್ಲ. ಫೋನಿನಲ್ಲಿ ಗಿರಿಜಾಂಬ ಪರದೆ ಕಪ್ಪಾಗುತ್ತಿದೆ ಎನ್ನುತ್ತಿದ್ದರು. "ಕಪ್ಪಗಾದ್ರೆ ಹೆದರ್ಬೇಡಿ, ಜೀವ ಐತೆ. ಒಸಿ ಅಲ್ಲಾಡ್ಸಿ, ಎಚ್ಚರ ಆಯ್ತದೆ. ಜಾಸ್ತಿ ಅಲ್ಲಾಡ್ಸಬೇಡಿ."

"ಹಾವಲ್ಲ, ಮನುಷ್ಯರು," ಎಂದಳು ಮಾರಮ್ಮ ಪಕ್ಕದವಳಿಗೆ.

"ಕರೆಂಟ್ ಹೋಯ್ತಾ? ಅಯ್ಯೋ. ಯುಪಿಎಸ್ ಐತಲ್ಲ, ಅದ್ರ ಮೇಲೆ ಒಸಿ ಹೊತ್ತು ಇರ್ತದೆ. ನಾನು ಬರೋಗಂಟ ಉಳಿಸ್ಕಳಿ ಅಮ್ಮ, ಅಷ್ಟು ಸಾಕು."

ಮುದುಕರೊಬ್ಬರು ಎದ್ದು ಉದಯಶಂಕರನಿಗೆ ಸೀಟು ಬಿಟ್ಟುಕೊಟ್ಟರು. ಕಂಡಕ್ಟರ್ ಮುಂದೆ ಹೋಗಿ ಡ್ರೈವರ್ ಕಿವಿಯಲ್ಲಿ ಏನೋ ಹೇಳಿದ. ಅಲ್ಲಿಂದಾಚೆ ಬಸ್ಸು ಕೈ ಅಡ್ಡ ಹಾಕಿದವರನ್ನು ಲೆಕ್ಕಿಸದೆ ಓಡಿತು. ಇಳಿಯಬೇಕಾದವರೂ ತಮ್ಮ ಊರು ಹಿಂದೆ ಹೋಗುವುದನ್ನು ಕಿಟಕಿಯಲ್ಲಿ ನೋಡಿ, ಇರಲಿ, ಪಾಪ, ಎಂದು ಸುಮ್ಮನಾದರು. ಕನಕಪುರದ ಸ್ಟ್ಯಾಂಡಿನಲ್ಲಿ ಉದಯಶಂಕರ ಇಳಿಯುವಾಗ ಮಾರಮ್ಮ ಒಂದು ಮಾರು ಸೇವಂತಿಗೆ ಅವನ ಕೈಗೆ ತುರುಕಿದಳು.

"ದುಡ್ಡು ಬ್ಯಾಡ ಮಗ. ಜೀವ ಇದ್ರೆ ದೇವ್ರಿಗೆ ಹಾಕು. ಇಲ್ದಿದ್ರೆ ಅವ್ರಿಗೇ ಹಾಕು."

ಕೇಳಲು ಪುರಸೊತ್ತಿಲ್ಲದೆ, ಹೂವು ಹಿಡಿದುಕೊಂಡೇ ಅವನು ಓಡಿದ.

ಗಿರಿಜಾಂಬನವರ ಕೇಂದ್ರ ಅವರ ಮನೆಯ ಮುಂದಿನ ಕೋಣೆ. ಕರೆಂಟಿಲ್ಲದೆ ಫ್ಯಾನು ನಿಂತಿತ್ತು. ಮೇಜಿನ ಕೆಳಗೆ ಯುಪಿಎಸ್ ತಾಯಿ ಕಳೆದುಕೊಂಡ ಕೋಳಿಮರಿಯ ಹಾಗೆ ಕೀಂ ಕೀಂ ಎನ್ನುತ್ತಿತ್ತು. ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿ ಕೂತಿದ್ದಳು. ಎಡಗೈಯಲ್ಲಿ ಮೌಸನ್ನು ಮೆಲ್ಲಗೆ ಅಲ್ಲಾಡಿಸುತ್ತ, ಬಲಗೈಯನ್ನು ಟ್ರಾಫಿಕ್ ಪೊಲೀಸಿನವರ ಹಾಗೆ ಚಾಚಿ ಜೆರಾಕ್ಸ್ ಪ್ರಕಾಶನನ್ನು ತಡೆದು ನಿಲ್ಲಿಸಿದ್ದಳು. ಆ ಕೈಗೆ ಬೆಳಗಿನ ಪೂಜೆಯ ಅರಿಶಿನದ ದಾರ ಕಟ್ಟಿತ್ತು.

"ಒಂದೇ ಒಂದ್ಸಲ ರಿಫ್ರೆಶ್ ಮಾಡ್ಬುಡ್ತೀನಿ ತಾಯಿ, ಎಲ್ಲಾ ಸರೋಯ್ತದೆ," ಎನ್ನುತ್ತಿದ್ದ ಪ್ರಕಾಶ್.

"ಮುಟ್ಟಂಗಿಲ್ಲ ಅಂದವ್ರೆ. ಮುಟ್ಟಂಗಿಲ್ಲ," ಎಂದಳು ಅವಳು. ಅವಳ ಕಣ್ಣು ಪರದೆಯ ಮೇಲಿಂದ ಕದಲಲಿಲ್ಲ.

ಉದಯಶಂಕರ ಬಾಗಿಲಲ್ಲೇ ನಿಂತುಬಿಟ್ಟ. ಇಷ್ಟು ವರ್ಷದಲ್ಲಿ ಮುಟ್ಟಬೇಡಿ ಎಂದರೆ ಮುಟ್ಟದೆ ಇದ್ದ ಮೊದಲ ವ್ಯಕ್ತಿಯನ್ನು ಅವನು ನೋಡುತ್ತಿದ್ದ.

"ಬಾ ಮಗ, ಬಾ," ಎಂದು ಗಿರಿಜಾಂಬ ಎದ್ದರು. "ಇವ್ಳು ಮೇಘನಾ, ಮರಳವಾಡಿಯೋಳು. ಹಾರೋಹಳ್ಳೀಲಿ ಮೆಡಿಕಲ್ ಶಾಪ್ ನೋಡ್ಕತಾಳೆ. ಇವ್ರು ಇವ್ಳಪ್ಪ ಮರಿಸ್ವಾಮಿ. ಪಾಪ, ಏನೋ ಕೇಳಾಕ್ ಬಂದವ್ರೆ, ನಾನು ಈ ಗಲಾಟೇಲಿ ಕೂರ್ಸಿ ಕಾವಲಿಗೆ ಹಾಕ್ಬುಟ್ಟೆ."

ಗೋಡೆ ಬದಿಯ ಕುರ್ಚಿಯಲ್ಲಿ ಟವಲು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದ ಮರಿಸ್ವಾಮಿ ತಲೆಯಾಡಿಸಿದರು. "ಅಮಾಸೆ ದಿನ ಮಾತಾಡಾಕ್ ಬಂದಿಲ್ಲ ಅನ್ನಿ. ಬೆಳಿಗ್ಗೆ ಒಂದು ಗಂಡು ಕೂಡಿ ಬಂದೈತೆ ಅಂತ ಮೆಸೇಜ್ ಬಂತು. ಫೋಟೋ ಮುಂದ್ಕೆ ತೋರುಸ್ತದಂತೆ. ಹೆಂಗೆ ಏನು ಅಂತ ಬರೀ ವಿಚಾರ್ಸ್ಕಂಡು ಹೋಗಣ ಅಂತ. ನಿಮ್ ಕೆಲ್ಸ ಮುಗೀಲಿ, ಅವಸರ ಇಲ್ಲ."

ಮೇಘನಾ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಹೂವು ಇಡಲು ಜಾಗ ಕಾಣದೆ ಉದಯಶಂಕರ ಅದನ್ನು ಅವಳ ಕೈಗೇ ಕೊಟ್ಟ. ಕೊಟ್ಟ ಮೇಲೆ ಕೊಟ್ಟದ್ದು ಏನೆಂದು ಹೊಳೆದು ಕಿವಿ ಬಿಸಿಯಾಯಿತು. ಅವಳು ನಗು ತಡೆದುಕೊಂಡು ಹೂವನ್ನು ಮೇಜಿನ ಮೂಲೆಯಲ್ಲಿಟ್ಟಳು.

ಅವನು ಪರದೆಯ ಕಡೆ ತಿರುಗಿದ. ತಡೆ ಹಾಕಿದ ಹೆಸರುಗಳು ಸಂತೆಯ ಜನದ ಹಾಗೆ ಸಾಲುಸಾಲಾಗಿ ಕೆಳಗಿಳಿದಿದ್ದವು. ಸೇವ್ ಬಟನ್ನು ಎಲ್ಲೋ ತಳದಲ್ಲಿತ್ತು. ಅವನು ಸರಸರನೆ ಕೆಳಗಿಳಿಸಿದ.

"ಮೇಲಿಂದ ಒಂದ್ಸಲ ಓದಿ ಒತ್ತಲ್ವಾ?" ಎಂದು ಮೇಘನಾ ಕೇಳಿದಳು.

"ಗಿರಾಕಿ ಸೆಟ್ಟಿಂಗನ್ನ ನಾವು ಓದಂಗಿಲ್ಲ," ಎಂದ ಉದಯಶಂಕರ. ಬೆನ್ನು ತಾನಾಗೇ ನೆಟ್ಟಗಾಯಿತು. "ಅವ್ರು ಹೆಂಗಿಟ್ಟಿದಾರೋ ಹಂಗೇ ಇರ್ಬೇಕು. ಅದು ನನ್ನ ನಿಯಮ."

"ಯುಪಿಎಸ್ ಹೋಗ್ತೈತೆ ಕಣ್ಲಾ, ಒತ್ತು," ಎಂದ ಪ್ರಕಾಶ್.

ಉದಯಶಂಕರ ಒತ್ತಿದ. ಪರದೆಯ ಮೇಲೆ ಚಕ್ರ ತಿರುಗಿತು. ಚಕ್ರ ಇನ್ನೂ ತಿರುಗಿತು. ಆಮೇಲೆ 'ಎಲ್ಲಾ ಸೆಟ್ಟಿಂಗ್ ಉಳಿಸಲಾಗಿದೆ' ಎಂಬ ಹಸಿರು ಅಕ್ಷರ ಮೂಡಿತು. ಯುಪಿಎಸ್ ಉದ್ದಕ್ಕೆ ಒಮ್ಮೆ ಕೂಗಿ ಪ್ರಾಣ ಬಿಟ್ಟಿತು, ಪರದೆ ಕಪ್ಪಾಯಿತು.

ಉದಯಶಂಕರ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ. ಗೆದ್ದೆ ಅನ್ನಿಸಿತು. "ಇನ್ನೇನೂ ಭಯ ಇಲ್ಲಮ್ಮ. ತಡೆ ವಾಪಸ್ ಬಂದ್ ಮೇಲೆ, ಬೆಳಿಗ್ಗೆ ತಪ್ಪಾಗಿ ಹೋದ ಸಂಬಂಧಗಳನ್ನೆಲ್ಲ ಅದೇ ರದ್ದು ಮಾಡುತ್ತೆ. ನೀವೇ ಬರೆದಿಟ್ಟಿರೋ ಮಾತಲ್ಲಿ ಎರಡೂ ಕಡೆಗೆ ಮೆಸೇಜು ಹೋಗುತ್ತೆ. ಈಗ ಹೋಗ್ತಾ ಇರುತ್ತೆ."

ಮರಿಸ್ವಾಮಿಯವರ ಜೇಬಿನಲ್ಲಿ ಫೋನು ಟಿಣ್ ಎಂದಿತು.

ಅವರು ಅದನ್ನು ತೆಗೆದು, ಕಣ್ಣಿಗೆ ದೂರ ಹಿಡಿದು ನೋಡಿ, ಕಾಣದೆ ಮಗಳಿಗೆ ಕೊಟ್ಟರು. ಮೇಘನಾ ಓದಿದಳು. "'ಉದಯಶಂಕರ್, ರಾಮನಗರ. ಈ ಸಂಬಂಧ ಎದುರು ಕಡೆಯವರಿಗೆ ಇಷ್ಟವಿಲ್ಲ. ದಯವಿಟ್ಟು ಮತ್ತೆ ವಿಚಾರಿಸಬೇಡಿ.'"

"ಇಷ್ಟ ಇಲ್ದಿದ್ರೆ ಬೆಳಿಗ್ಗೆ ಯಾಕ್ ಕಳುಸ್ಬೇಕಾಗಿತ್ತು?" ಎಂದರು ಮರಿಸ್ವಾಮಿ. "ಇವ್ಳು ಪೂಜೆ ಮುಗ್ಸಿ ದಾರ ಕಟ್ಕಳೋ ಹೊತ್ಗೆ ಸರ್ಯಾಗಿ ಬಂತು. ಶಿವನೇ ಕಳ್ಸವ್ನೆ ಅಂತ ಬಸ್ ಹತ್ತಿದ್ದೋ."

ಉದಯಶಂಕರನ ತಾಯಿ ಹೋದ ವರ್ಷವೇ ತಮ್ಮ ಫೋನ್ ನಂಬರು ಕೊಟ್ಟು ಅವನ ಹೆಸರನ್ನು ಇದೇ ಕೇಂದ್ರದಲ್ಲಿ ಬರೆಸಿದ್ದರು. ಅಂದಿನಿಂದ ಒಂದು ಸಂಬಂಧವೂ ಬಂದಿರಲಿಲ್ಲ. ಜಾತಕವೇ ಹಾಗಿದೆಯೇನೋ ಎಂದು ತಾಯಿ ಊರ ದೇವರಿಗೆಲ್ಲ ಹರಕೆ ಕಟ್ಟಿದ್ದರು.

"ಅದು ನಾನೇ," ಎಂದ.

ಜೆರಾಕ್ಸ್ ಪ್ರಕಾಶ್ ಮೆಲ್ಲಗೆ ಸ್ಟೂಲು ಎಳೆದುಕೊಂಡು ಕೂತ.

"ನೀನೇನಪ್ಪ?" ಮರಿಸ್ವಾಮಿ ಎದ್ದು ನಿಂತರು. ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ಇಷ್ಟ ಇಲ್ದಿದ್ರೆ ಬಾಯಲ್ಲಿ ಹೇಳ್ಬೌದಾಗಿತ್ತು. ಹೆಣ್ಣಿನ ಕೈಗೆ ಹೂವು ಕೊಟ್ಟು, ಅವ್ಳ ಮುಂದೇನೇ ಕುಂತು, ಬ್ಯಾಡ ಅಂತ ಬಟನ್ ಒತ್ತೋದಾ?"

"ಇಲ್ಲ ಯಜಮಾನ್ರೆ, ನಂಗೆ ಇಷ್ಟ ಐತೆ. ಆ ಮೆಸೇಜು ನಂದಲ್ಲ. ತಡೆ ಇದ್ರೆ ಮಾತ್ರ ಅದು ಹೋಗೋದು. ನನ್ನ ಹೆಸ್ರಿಗೆ ತಡೆ..." ಎಂದವನು ಅಲ್ಲೇ ನಿಲ್ಲಿಸಿ, ನಿಧಾನವಾಗಿ ಗಿರಿಜಾಂಬನವರ ಕಡೆ ತಿರುಗಿದ. "ಅಮ್ಮ, ನನ್ನ ಹೆಸ್ರಿಗೆ ತಡೆ ಹಾಕಿದೀರಾ?"

ಗಿರಿಜಾಂಬ ಸೆರಗಿನಿಂದ ಗಾಳಿ ಬೀಸಿಕೊಂಡರು. "ಹಾಕಿದೀನಿ. ಅದ್ರಲ್ಲಿ ಮುಚ್ಚಿಡೋದೇನೈತೆ?"

"ಯಾಕಮ್ಮ?"

"ಯಾಕೆ ಅಂದ್ರೆ? ಕರೆದ ತಕ್ಷಣ ಬಸ್ ಹತ್ಕಂಡ್ ಬರೋನು ಈ ಜಿಲ್ಲೇಲಿ ನೀನೊಬ್ನೇ ಕಣ್ ಮಗ. ನಿಂಗಿಂತ ಮುಂಚೆ ನಿಮ್ ಕಂಪ್ನೀಲಿದ್ದ ಹುಡುಗ ಜಾಣ, ಅವನಿಗೆ ನಾನೇ ನಿಂತು ಹೆಣ್ಣು ನೋಡಿ ಮದ್ವೆ ಮಾಡ್ದೆ. ತಾಳಿ ಕಟ್ಟಿದ್ ಮಾರ್ನೇ ದಿನದಿಂದ ಫೋನ್ ಎತ್ತಾಕಿಲ್ಲ. ಭಾನುವಾರ ಅಂತಾನೆ, ಅತ್ತೆ ಮನೆ ಅಂತಾನೆ. ನಿಂಗೂ ಮಾಡ್ಸಿ ನಾನು ಯಾರನ್ನ ಕರೀಲಿ? ಮಾಡ್ಸಲ್ಲ ಅಂತ ಅಂದಿಲ್ಲ. ನಿಧಾನಕ್ಕಾಗ್ಲಿ ಅಂದೆ, ಅಷ್ಟೇ."

ಉದಯಶಂಕರ ಮೇಘನಾಳ ಕಡೆ ತಿರುಗಿದ. ಪರದೆ ಕಾದ ಆ ಕೈ, ಆ ಕಣ್ಣು, ತಡೆದ ಆ ನಗು. ಈಗ ಅವಳ ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಔಷಧಿ ಚೀಟಿಯಲ್ಲಿ ಒಂದಿದ್ದು ಬಾಯಲ್ಲಿ ಇನ್ನೊಂದು ಕೇಳುವ ಗಿರಾಕಿಯನ್ನು ನೋಡುವ ಹಾಗೆ ಅವನನ್ನು ನೋಡುತ್ತಿದ್ದಳು.

"ನೀವು ಬೇಕಂತ ಮಾಡ್ಲಿಲ್ಲ, ಗೊತ್ತಾಯ್ತು," ಎಂದಳು. "ಆದ್ರೆ ಓದಿ ಅಂತ ನಾನೇ ಹೇಳ್ದೆ. ನಿಮ್ಮ ಹೆಸ್ರು ನಿಮ್ಮ ಕಣ್ಮುಂದೇನೇ ಇತ್ತು. ನಮ್ ಮೆಡಿಕಲ್ ಶಾಪಲ್ಲಿ ಓದ್ದೆ ಕೊಟ್ರೆ ಜನ ಸಾಯ್ತಾರೆ." ಆಮೇಲೆ ತಂದೆಯ ಟವಲು ಎತ್ತಿಕೊಟ್ಟಳು. "ನಡೀರಪ್ಪ. ಹಾರೋಹಳ್ಳಿ ಬಸ್ ನಿಂತಿರ್ತದೆ."

ಅವನು ಬೀದಿಯ ಕೊನೆಯವರೆಗೆ ಅವರ ಹಿಂದೆ ಹೋದ. ಮರಿಸ್ವಾಮಿಯವರಿಗೆ ಏನೇನೋ ಹೇಳಿದ. ಅವರು ಎಲ್ಲವನ್ನೂ ಸಮಾಧಾನವಾಗಿ ಕೇಳಿಕೊಂಡು, "ಮತ್ತೆ ವಿಚಾರಿಸಬೇಡಿ ಅಂತ ಬರಹದಲ್ಲೇ ಬಂದ್ ಮೇಲೆ ವಿಚಾರ್ಸದು ನಮ್ಗೂ ಮರ್ಯಾದಿ ಅಲ್ಲಪ್ಪ," ಎಂದು ಬಸ್ಸು ಹತ್ತಿದರು.

ವಾಪಸ್ಸು ಬಂದಾಗ ಕರೆಂಟು ಬಂದಿತ್ತು. ಗಿರಿಜಾಂಬ ಒಂದು ಲೋಟ ಕಾಫಿ ಕೊಟ್ಟರು. ಉದಯಶಂಕರ ಅದನ್ನು ಮುಟ್ಟದೆ ಹೇಳಿದ: "ಅಮ್ಮ, ನನ್ನ ಹೆಸ್ರು ತೆಗ್ದುಬುಡಿ."

"ತೆಗೆಯಣ, ತೆಗೆಯಣ. ಶ್ರಾವಣ ಕಳೀಲಿ, ಪಿತೃಪಕ್ಷ ಕಳೀಲಿ, ಈ ಹೊಸ ಸಾಫ್ಟ್‌ವೇರು ನಂಗೆ ಕೈಗೆ ಹತ್ಲಿ." ಅವರು ಕನ್ನಡಕ ಹಾಕಿಕೊಂಡು ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡರು. "ಈಗ ನೀನು ರಾಮನಗರದಲ್ಲಿ ಕುಂತ್ಕಂಡೇ ಅದನ್ನ ತೆಗೆದಾಕ್ಬುಡ್ತೀಯ ಅಂತ ನಂಗೆ ಅನ್ನುಸ್ತೈತೆ. ಅದ್ಕೆ ಒಂದು ಪಾಸ್‌ವರ್ಡು ಹಾಕ್ಕೊಡು. ನಂಗೊಬ್ಳಿಗೇ ಗೊತ್ತಿರ್ಬೇಕು, ನಿಮ್ ನಟರಾಜಂಗೂ ತೆಗೆಯಾಕಾಗ್ಬಾರ್ದು. ಅಂಥದ್ದು ಹೊಸದ್ರಲ್ಲಿ ಐತಾ?"

"ಐತೆ," ಎಂದ ಉದಯಶಂಕರ. ಅದನ್ನು ಕಳೆದ ತಿಂಗಳು ಅವನೇ ಬರೆದಿದ್ದ.

ಅವನು ಆ ಪುಟ ತೆಗೆದು, ಕರ್ಸರನ್ನು ಖಾಲಿ ಜಾಗದಲ್ಲಿ ನಿಲ್ಲಿಸಿ, ಕೀಬೋರ್ಡನ್ನು ಗಿರಿಜಾಂಬನವರ ಮುಂದಕ್ಕೆ ಸರಿಸಿದ. ಅವರು ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತುವವರೆಗೂ, ನೋಡಬಾರದೆಂದು ಮುಖ ತಿರುಗಿಸಿ, ಬಾಗಿಲ ಕಡೆ ನೋಡುತ್ತ ಕೂತ.